ಸೊಟ್ಟ ಹಲ್ಲಿಗೆ ಸಣ್ಣ ತಂತಿಯ ಬಲ

ಶಾಲೆಯಲ್ಲಿ ಗ್ರೂಪ್ ಫೋಟೋ ತೆಗೆಯುವ ದಿನ ಗಮನಿಸಿದರೆ ಗೊತ್ತಾಗುತ್ತದೆ. ಫೋಟೋಗ್ರಾಫರ್ 'ಸ್ವಲ್ಪ ನಗ್ರಿ' ಎಂದಾಗ ಎಲ್ಲರೂ ನಕ್ಕರೂ ಒಬ್ಬಿಬ್ಬರು ಮಾತ್ರ ತುಟಿ ಬಿಗಿಹಿಡಿದು ನಿಂತಿರುತ್ತಾರೆ. ಉಬ್ಬುಹಲ್ಲು, ಸೊಟ್ಟಹಲ್ಲು, ಒಂದರ ಮೇಲೊಂದು ಏರಿದ ಹಲ್ಲು ಇರುವ ಮಕ್ಕಳಿಗೆ ನಗುವುದೂ ಕಷ್ಟದ ಕೆಲಸ. ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಲು ಹಿಂಜರಿಯುವ, ಮಾತನಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ವಿದ್ಯಾರ್ಥಿಗಳು ಪ್ರತಿ ಶಾಲೆಯಲ್ಲೂ ಸಿಗುತ್ತಾರೆ.

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯಲ್ಲಿರುವ ಶಿರಗುಪ್ಪಿಯಂತಹ ಊರುಗಳಲ್ಲಿ ಇದನ್ನು ಹಣೆಬರಹ ಎಂದುಕೊಳ್ಳುವವರು ಇನ್ನೂ ಇದ್ದಾರೆ. 'ಅವರಪ್ಪನ ಹಲ್ಲೂ ಹಿಂಗ ಇದ್ದವು' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮಗಳಿಗೆ ವರ ನೋಡುವ ಕಾಲ ಬಂದಾಗಲೇ ಹಲವು ಪಾಲಕರಿಗೆ ಹಲ್ಲಿನ ನೆನಪಾಗುವುದು. ಆಗಲೂ ಹಲ್ಲು ಸರಿಪಡಿಸಬಹುದು, ನಿಜ. ಆದರೆ ಬೆಳೆಯುವ ವಯಸ್ಸಿನಲ್ಲಿ ದವಡೆಯ ಬೆಳವಣಿಗೆಯಿಂದ ಸಿಗುತ್ತಿದ್ದ ಸಹಾಯ ಅಷ್ಟರಲ್ಲಿ ಕೈತಪ್ಪಿರುತ್ತದೆ.

ಹಲ್ಲು ಬಂಡೆಗಲ್ಲಿನಲ್ಲಿ ನೆಟ್ಟ ಕಂಬವಲ್ಲ. ಅದು ನೆಟ್ಟಿರುವುದು ಜೀವಂತ ಎಲುಬಿನಲ್ಲಿ. ಸರಿಯಾದ ದಿಕ್ಕಿನಲ್ಲಿ, ಸರಿಯಾದ ಪ್ರಮಾಣದ ಸಣ್ಣ ಬಲವನ್ನು ಬಹಳ ದಿನ ಹಾಕಿದರೆ ಹಲ್ಲು ಎಲುಬಿನೊಳಗೇ ಸರಿಯುತ್ತದೆ. ಜನ ಸಾಮಾನ್ಯವಾಗಿ 'ಕ್ಲಿಪ್ಪು' ಅಥವಾ 'ತಂತಿ' ಎಂದು ಕರೆಯುವ ಸಾಧನಗಳೆಲ್ಲ ಕೆಲಸ ಮಾಡುವುದು ಈ ಒಂದೇ ತತ್ವದ ಮೇಲೆ.

ಸಾಲು ಕೆಡುವುದೇಕೆ?

ಮಗುವಿಗೆ 20 ಹಾಲುಹಲ್ಲುಗಳು. ದೊಡ್ಡವರಿಗೆ ಬುದ್ಧಿಹಲ್ಲು ಸೇರಿ 32. ಹಲ್ಲುಗಳ ಗಾತ್ರಕ್ಕೂ ದವಡೆಯಲ್ಲಿರುವ ಜಾಗಕ್ಕೂ ಹೊಂದಾಣಿಕೆಯಾಗದಿದ್ದರೆ ನೂಕುನುಗ್ಗಲು ಶುರುವಾಗುತ್ತದೆ. ಮುಂಭಾಗದ ಹಲ್ಲುಗಳ ಪೈಕಿ ಮೇಲಿನ ಕೋರೆಹಲ್ಲು ಬರುವುದು ಕೊನೆಗೆ, ಸುಮಾರು 11–12ನೇ ವಯಸ್ಸಿಗೆ. ತುಂಬಿದ ಬಸ್ಸಿಗೆ ಕೊನೆಗೆ ಹತ್ತಿದವನಂತೆ ಅದಕ್ಕೆ ಕೂಡಲು ಜಾಗವಿರುವುದಿಲ್ಲ. ಹಾಗಾಗಿ ಸಾಲಿನಿಂದ ಹೊರಗೆ, ಎತ್ತರದಲ್ಲಿ ನಿಂತುಬಿಡುತ್ತದೆ.

ದವಡೆಯ ಆಕಾರ, ಹಲ್ಲಿನ ಗಾತ್ರ ಇವು ಬಹುಮಟ್ಟಿಗೆ ಅನುವಂಶೀಯ. ಆದರೆ ಎಲ್ಲ ಹೊಣೆಯನ್ನೂ ಅಪ್ಪ ಅಮ್ಮನ ಮೇಲೆ ಹಾಕುವಂತಿಲ್ಲ. ಶಾಶ್ವತ ಹಲ್ಲು ಬರುವ ವಯಸ್ಸಾದರೂ ಹೆಬ್ಬೆರಳು ಚೀಪುವ ಅಭ್ಯಾಸ ಬಿಡದಿದ್ದರೆ ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಬಾಗುತ್ತವೆ. ಮೂಗು ಕಟ್ಟಿ ಸದಾ ಬಾಯಿಂದ ಉಸಿರಾಡುವ ಮಕ್ಕಳಲ್ಲಿ ಮೇಲ್ದವಡೆ ಕಿರಿದಾಗುವುದುಂಟು. ಇಂತಹ ಮಕ್ಕಳನ್ನು ಮೊದಲು ಕಿವಿ–ಮೂಗು–ಗಂಟಲು ವೈದ್ಯರಿಗೆ ತೋರಿಸಬೇಕು.

ಇವೆರಡಕ್ಕಿಂತಲೂ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಹಾಲುಹಲ್ಲಿನ ಹುಳುಕು. 'ಹಾಲಹಲ್ಲರಿ, ಹ್ಯಾಂಗೂ ಬೀಳತಾವ' ಎಂದು ಪಾಲಕರು ಸುಮ್ಮನಿರುತ್ತಾರೆ. ಆದರೆ ಹಾಲುಹಲ್ಲು ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾಯುವ ಕೆಲಸ ಮಾಡುತ್ತದೆ. ಹಿಂದಿನ ಹಾಲುಹಲ್ಲನ್ನು ಕಾಲಕ್ಕೆ ಮುಂಚೆ ಕೀಳಿಸಿದರೆ ಪಕ್ಕದ ಹಲ್ಲು ವಾಲಿ ಆ ಜಾಗವನ್ನು ಆಕ್ರಮಿಸುತ್ತದೆ. ಕೆಳಗಿನಿಂದ ಬರುವ ಹಲ್ಲಿಗೆ ದಾರಿ ಮುಚ್ಚುತ್ತದೆ. ಅನಿವಾರ್ಯವಾಗಿ ಕೀಳಲೇಬೇಕಾದಾಗ ದಂತವೈದ್ಯರು ಪಕ್ಕದ ಹಲ್ಲಿಗೆ ಒಂದು ಉಕ್ಕಿನ ಬಳೆ, ಅದಕ್ಕೆ ಬೆಸೆದ ತಂತಿಯ ಕುಣಿಕೆ ಕೂಡಿಸಿ ಜಾಗ ಕಾಯ್ದಿಡುತ್ತಾರೆ. ಇದಕ್ಕೆ 'ಸ್ಪೇಸ್ ಮೇಂಟೇನರ್' ಎಂದು ಹೆಸರು. ಮುಂದೆ ಎರಡು ವರ್ಷ ತಂತಿ ಹಾಕಿಕೊಳ್ಳುವ ತೊಂದರೆಯನ್ನು ಈ ಚಿಕ್ಕ ಸಾಧನ ಎಷ್ಟೋ ಸಲ ತಪ್ಪಿಸುತ್ತದೆ, ಇಲ್ಲವೇ ಕಡಿಮೆ ಮಾಡುತ್ತದೆ.

ಸೊಟ್ಟ ಹಲ್ಲಿನ ತೊಂದರೆ ಬರೀ ಅಂದಚೆಂದದ್ದಲ್ಲ. ಒಂದರ ಮೇಲೊಂದು ಏರಿದ ಹಲ್ಲುಗಳ ಸಂದಿಯಲ್ಲಿ ಬ್ರಷ್ ಆಡುವುದಿಲ್ಲ. ಅಲ್ಲಿ ಕಿಟ್ಟ ಕಟ್ಟಿ ಹುಳುಕು, ಒಸಡಿನ ರೋಗ ಬರುವ ಸಾಧ್ಯತೆ ಹೆಚ್ಚು. ಮುಂದಕ್ಕೆ ಚಾಚಿದ ಬಾಚಿಹಲ್ಲುಗಳು ಆಟದಲ್ಲಿ ಬಿದ್ದಾಗ ಮುರಿಯುವ ಅಪಾಯವೂ ಇತರರಿಗಿಂತ ಜಾಸ್ತಿ.

ಎಲುಬಿನೊಳಗೆ ಹಲ್ಲಿನ ನಡಿಗೆ

ಹಲ್ಲಿನ ಬೇರು ನೇರವಾಗಿ ಎಲುಬಿಗೆ ಅಂಟಿಕೊಂಡಿಲ್ಲ. ಎರಡರ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಅದರಲ್ಲಿ ರಕ್ತನಾಳಗಳೂ ನರಗಳೂ ಜೀವಕೋಶಗಳೂ ಇವೆ. ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿದಾಗ, ಬೇರು ಸರಿಯುವ ಕಡೆ ಈ ಪದರ ಅದುಮಲ್ಪಡುತ್ತದೆ. ಅಲ್ಲಿ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಸೇರಿ ಎಲುಬನ್ನು ಕರಗಿಸುತ್ತವೆ. ಎದುರು ಬದಿಯಲ್ಲಿ ನಾರುಗಳು ಎಳೆಯಲ್ಪಡುತ್ತವೆ. ಅಲ್ಲಿ ಆಸ್ಟಿಯೋಬ್ಲಾಸ್ಟ್ ಎಂಬ ಜೀವಕೋಶಗಳು ಹೊಸ ಎಲುಬು ಕಟ್ಟುತ್ತವೆ. ಮುಂದಿನ ಗೋಡೆ ಕರಗುತ್ತದೆ, ಹಿಂದಿನ ಗೋಡೆ ಬೆಳೆಯುತ್ತದೆ. ಹಲ್ಲು ತನ್ನ ಗೂಡಿನ ಸಮೇತ ಮುಂದೆ ಸಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಡ್ ನಾಯಿಗಳ ಹಲ್ಲುಗಳನ್ನು ಸರಿಸಿ, ಎಲುಬಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಎರಡು ಬಗೆಯ ಬದಲಾವಣೆಯನ್ನು ತೋರಿಸಿಕೊಟ್ಟ.

ಹಾಗಾದರೆ ಜೋರಾಗಿ ಎಳೆದರೆ ಬೇಗ ಸರಿಯುವುದಿಲ್ಲವೇ? ಇಲ್ಲ. ಬಲ ಅತಿಯಾದರೆ ಆ ತೆಳು ಪದರದ ರಕ್ತನಾಳಗಳು ಮುಚ್ಚಿಹೋಗುತ್ತವೆ. ರಕ್ತವಿಲ್ಲದೆ ಜೀವಕೋಶಗಳು ಸಾಯುತ್ತವೆ. ಹಲ್ಲು ಕೆಲವು ವಾರ ನಿಂತಲ್ಲೇ ನಿಲ್ಲುತ್ತದೆ, ನೋವು ಹೆಚ್ಚುತ್ತದೆ, ಬೇರು ಸವೆಯುವ ಭಯವೂ ಇದೆ. ಒಂದು ಹಲ್ಲನ್ನು ಸರಿಸಲು ಸಾಮಾನ್ಯವಾಗಿ 100 ಗ್ರಾಂ ತೂಕದ ಆಸುಪಾಸಿನ ಅಥವಾ ಅದಕ್ಕೂ ಕಡಿಮೆ ಬಲ ಸಾಕು. ಹಲ್ಲಿನ ವೇಗ ತಿಂಗಳಿಗೆ ಹೆಚ್ಚು ಕಡಿಮೆ ಒಂದು ಮಿಲಿಮೀಟರ್. ಏಳು ಮಿಲಿಮೀಟರ್ ಅಗಲದ ಒಂದು ಖಾಲಿ ಜಾಗ ಮುಚ್ಚಲು ಎಷ್ಟು ತಿಂಗಳು ಬೇಕೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಇಡೀ ಚಿಕಿತ್ಸೆಗೆ ಒಂದೂವರೆಯಿಂದ ಎರಡು ವರ್ಷ ಏಕೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ಬೆರಳಿನಿಂದ ತಂತಿಯವರೆಗೆ

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಒಂದು ಉಪಾಯ ಬರೆದಿಟ್ಟಿದ್ದಾನೆ. ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಬಂದರೆ ಹಳೆಯದನ್ನು ಕಿತ್ತು, ಹೊಸದನ್ನು ದಿನವೂ ಬೆರಳಿನಿಂದ ಅದರ ಸ್ಥಾನಕ್ಕೆ ಒತ್ತಬೇಕು ಎಂಬುದು ಅವನ ಸಲಹೆ. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಲೋಹದ ಬಾಗಿದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸಾಲು ಸರಿಪಡಿಸುವ ವಿಧಾನವನ್ನು ವಿವರಿಸಿದ.

ವಕ್ರದಂತ ಚಿಕಿತ್ಸೆಯನ್ನು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಸಿದ ಕೀರ್ತಿ ಅಮೆರಿಕದ ಎಡ್ವರ್ಡ್ ಆ್ಯಂಗಲ್‌ಗೆ ಸಲ್ಲುತ್ತದೆ. ಆರನೇ ವಯಸ್ಸಿಗೆ ಬರುವ ಮೊದಲ ದವಡೆಹಲ್ಲುಗಳು ಮೇಲೆ ಕೆಳಗೆ ಹೇಗೆ ಕೂಡುತ್ತವೆ ಎಂಬುದರ ಮೇಲೆ 1899ರಲ್ಲಿ ಅವನು ದೋಷಗಳನ್ನು ಮೂರು ವರ್ಗ ಮಾಡಿದ. ಆ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಯಾವ ಹಲ್ಲನ್ನೂ ಕೀಳಬಾರದು, ಇರುವಷ್ಟನ್ನೂ ಸಾಲಿಗೆ ಕೂಡಿಸಬೇಕು ಎಂಬುದು ಆ್ಯಂಗಲ್‌ನ ಪಟ್ಟು. ಅವನ ಶಿಷ್ಯರೇ ಆದ ಅಮೆರಿಕದ ಚಾರ್ಲ್ಸ್ ಟ್ವೀಡ್, ಆಸ್ಟ್ರೇಲಿಯಾದ ರೇಮಂಡ್ ಬೆಗ್ ಇಬ್ಬರೂ, ಗುರುವಿನ ಮಾತಿನಂತೆ ನಡೆದಾಗ ಹಲವರ ಹಲ್ಲುಗಳು ಮತ್ತೆ ಹಳೆಯ ಜಾಗಕ್ಕೆ ಮರಳುವುದನ್ನು ಕಂಡು, ಜಾಗ ತೀರ ಕಡಿಮೆಯಿದ್ದಲ್ಲಿ ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆಹಲ್ಲನ್ನು ತೆಗೆಯುವ ಮಾರ್ಗ ಹಿಡಿದರು. 'ಗಟ್ಟಿ ಹಲ್ಲನ್ನು ಯಾಕ ಕೀಳ್ತೀರಿ?' ಎಂದು ಪಾಲಕರು ಕೇಳುವ ಪ್ರಶ್ನೆಯ ಹಿಂದೆ ಇಷ್ಟು ದೊಡ್ಡ ಚರ್ಚೆಯೇ ಇದೆ. ಎಲ್ಲರಿಗೂ ಕೀಳಬೇಕಾಗಿಲ್ಲ. ಅಚ್ಚು, ಎಕ್ಸ್‌ರೇ ತೆಗೆದು ಅಳತೆ ಮಾಡಿದ ಮೇಲೆಯೇ ಅದನ್ನು ನಿರ್ಧರಿಸಬೇಕು.

ತೆಗೆದು ಹಾಕುವ ಕ್ಲಿಪ್ಪು

ಮಗು ತಾನೇ ತೆಗೆದು ತೊಳೆದು ಮತ್ತೆ ಹಾಕಿಕೊಳ್ಳಬಹುದಾದ ಸಾಧನವಿದು. ಅಂಗುಳಿಗೆ ಕೂಡುವ ಅಕ್ರಿಲಿಕ್ ತಟ್ಟೆ, ದವಡೆಹಲ್ಲನ್ನು ಹಿಡಿಯುವ ಕೊಕ್ಕೆಗಳು, ಹಲ್ಲನ್ನು ದೂಡುವ ಸಣ್ಣ ಸ್ಪ್ರಿಂಗು ಅಥವಾ ಸ್ಕ್ರೂ, ಇಷ್ಟೇ ಇದರ ಭಾಗಗಳು. ಒಂದೆರಡು ಹಲ್ಲು ಒಳಗೆ ಅಥವಾ ಹೊರಗೆ ವಾಲಿದ್ದರೆ ಇದು ಸಾಕಾಗಬಹುದು. ಬೆಲೆಯೂ ಕಡಿಮೆ. ಆದರೆ ಇದಕ್ಕೊಂದು ಮಿತಿಯಿದೆ. ಇದು ಹಲ್ಲಿನ ಮೇಲ್ಭಾಗವನ್ನು ಒಂದೇ ಬಿಂದುವಿನಲ್ಲಿ ದೂಡುವುದರಿಂದ ಹಲ್ಲು ವಾಲುತ್ತದೆಯೇ ಹೊರತು ಬೇರಿನ ಸಮೇತ ಸರಿಯುವುದಿಲ್ಲ. ಇನ್ನೊಂದು ಮಾತು: ಡಬ್ಬಿಯಲ್ಲಿಟ್ಟ ಕ್ಲಿಪ್ಪು ಯಾವ ಹಲ್ಲನ್ನೂ ಸರಿಸದು. ವೈದ್ಯರು ಹೇಳಿದಷ್ಟು ಹೊತ್ತು ಅದು ಬಾಯಲ್ಲಿರಬೇಕು.

ಅಂಟಿಸುವ ಕ್ಲಿಪ್ಪು

ಹಲ್ಲು ತಿರುಗಿದ್ದರೆ, ಬೇರು ಸಮೇತ ಸರಿಸಬೇಕಾಗಿದ್ದರೆ ಸ್ಥಿರ ಸಾಧನವೇ ಬೇಕು. ಇದರಲ್ಲಿ ಮುಖ್ಯವಾಗಿ ಮೂರು ಭಾಗಗಳು: ಪ್ರತಿ ಹಲ್ಲಿಗೂ ಅಂಟಿಸುವ ಬ್ರಾಕೆಟ್, ಅವುಗಳ ಗಾಡಿಯಲ್ಲಿ ಕೂಡುವ ಕಮಾನಿನಾಕಾರದ ತಂತಿ, ಮತ್ತು ತಂತಿಯನ್ನು ಬ್ರಾಕೆಟ್ಟಿಗೆ ಕಟ್ಟುವ ಬಣ್ಣದ ಪುಟ್ಟ ರಬ್ಬರ್ ಉಂಗುರ. ಆ ಗಾಡಿಯ ಅಗಲ ಸುಮಾರು ಅರ್ಧ ಮಿಲಿಮೀಟರ್. 1928ರಲ್ಲಿ ಆ್ಯಂಗಲ್ ವಿವರಿಸಿದ 'ಎಡ್ಜ್‌ವೈಸ್' ಸಾಧನದಲ್ಲಿ ಗಾಡಿಯೂ ಆಯತಾಕಾರ, ತಂತಿಯೂ ಆಯತಾಕಾರ. ಆಯತಾಕಾರದ ತಂತಿ ಗಾಡಿಯಲ್ಲಿ ಸುತ್ತು ತಿರುಗಲಾರದು. ಆದ್ದರಿಂದ ತಂತಿಯನ್ನು ತುಸು ತಿರುಚಿ ಕೂಡಿಸಿದರೆ ಹಲ್ಲಿನ ಬೇರನ್ನೂ ಬೇಕಾದ ಕಡೆ ತಿರುಗಿಸಬಹುದು. 1970ರ ದಶಕದಲ್ಲಿ ಲಾರೆನ್ಸ್ ಆ್ಯಂಡ್ರ್ಯೂಸ್ ಪ್ರತಿ ಹಲ್ಲಿನ ಓರೆಯನ್ನು ಬ್ರಾಕೆಟ್ಟಿನೊಳಗೇ ಕೆತ್ತಿಸಿ, ವೈದ್ಯರು ತಂತಿ ಬಗ್ಗಿಸುವ ಶ್ರಮವನ್ನು ಬಹಳಷ್ಟು ಕಡಿಮೆ ಮಾಡಿದ.

ಮೊದಲು ಪ್ರತಿ ಹಲ್ಲಿಗೂ ಉಕ್ಕಿನ ಬಳೆ ತೊಡಿಸಬೇಕಾಗಿತ್ತು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎನಾಮೆಲ್ಲಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ ಮೇಲ್ಮೈ ತರಿತರಿಯಾಗಿ ಅಂಟು ಗಟ್ಟಿ ಹಿಡಿಯುತ್ತದೆ ಎಂದು ತೋರಿಸಿದ. ಬ್ರಾಕೆಟ್ಟನ್ನು ನೇರವಾಗಿ ಹಲ್ಲಿಗೆ ಅಂಟಿಸಲು ಸಾಧ್ಯವಾದದ್ದು ಇದರಿಂದ. ನಮ್ಮ ಭಾಗದಲ್ಲಿ ಇಲ್ಲೊಂದು ತೊಡಕಿದೆ. ಗದಗ ಜಿಲ್ಲೆಯ ಮುಂಡರಗಿ ಮುಂತಾದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಹಲ್ಲಿನ ಮೇಲೆ ಕಂದು, ಬಿಳಿ ಕಲೆಗಳಿರುತ್ತವೆ. ಅಂತಹ ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅಂಟಿಸಲು ವೈದ್ಯರು ಹೆಚ್ಚಿನ ಕಾಳಜಿ ವಹಿಸಬೇಕಾಗುತ್ತದೆ.

ತಂತಿಯ ಕಥೆ ಇನ್ನೂ ಸ್ವಾರಸ್ಯಕರ. ಹುಕ್‌ನ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ: ಸ್ಥಿತಿಸ್ಥಾಪಕ ಮಿತಿಯೊಳಗೆ, ಹೆಚ್ಚು ಬಗ್ಗಿಸಿದಷ್ಟೂ ಮರಳಿ ನೂಕುವ ಬಲ ಹೆಚ್ಚು. ಉಕ್ಕಿನ ತಂತಿ ಈ ನಿಯಮಕ್ಕೆ ಬದ್ಧ. ಬಹಳ ಸೊಟ್ಟಗಿರುವ ಹಲ್ಲಿಗೆ ಕಟ್ಟಿದರೆ ಅದರ ಬಲ ಅತಿಯಾಗುತ್ತದೆ, ಇಲ್ಲವೇ ತಂತಿಯೇ ಶಾಶ್ವತವಾಗಿ ಬಾಗಿಬಿಡುತ್ತದೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಬ್ಯೂಲರ್ ಬೇರೆ ಉದ್ದೇಶಕ್ಕಾಗಿ ನಿಕಲ್ ಮತ್ತು ಟೈಟಾನಿಯಂ ಬೆರೆಸಿ ತಯಾರಿಸಿದ 'ನಿಟಿನಾಲ್' ಈ ಕಷ್ಟವನ್ನು ಪರಿಹರಿಸಿತು. 1970ರ ದಶಕದಲ್ಲಿ ಜಾರ್ಜ್ ಆಂಡ್ರೀಸನ್ ಅದನ್ನು ದಂತಚಿಕಿತ್ಸೆಗೆ ತಂದ. ಈ ಮಿಶ್ರಲೋಹದ ಇಂದಿನ ತಂತಿಗಳು ಹೆಚ್ಚು ಬಗ್ಗಿದರೂ, ಕಡಿಮೆ ಬಗ್ಗಿದರೂ ಬಹುತೇಕ ಒಂದೇ ಸಮನಾದ ಮೃದು ಬಲ ಕೊಡುತ್ತವೆ. ಕೆಲವು ತಂತಿಗಳು ತಂಪಿನಲ್ಲಿ ಮೆತ್ತಗಿದ್ದು, ಬಾಯಿಯ 37 ಡಿಗ್ರಿ ಶಾಖಕ್ಕೆ ತಮ್ಮ ಮೂಲ ಕಮಾನಿನ ಆಕಾರವನ್ನು 'ನೆನಪಿಸಿಕೊಂಡು' ಹಲ್ಲುಗಳನ್ನು ಜೊತೆಗೇ ಎಳೆದು ತರುತ್ತವೆ. ಮೊದಲ ತಿಂಗಳುಗಳಲ್ಲಿ ಇಂತಹ ತಂತಿ, ಸಾಲು ಕೂಡಿದ ಮೇಲೆ ಗಟ್ಟಿಯಾದ ಉಕ್ಕಿನ ತಂತಿ ಬಳಸುವುದು ಈಗಿನ ರೂಢಿ.

ಹಗ್ಗಜಗ್ಗಾಟದ ಲೆಕ್ಕ

ನ್ಯೂಟನ್ನನ ಮೂರನೆಯ ನಿಯಮಕ್ಕೆ ಬಾಯಿಯೂ ಹೊರತಲ್ಲ. ಉಬ್ಬಿದ ಬಾಚಿಹಲ್ಲನ್ನು ಹಿಂದಕ್ಕೆ ಎಳೆಯಲು ದವಡೆಹಲ್ಲಿನ ಆಸರೆ ತೆಗೆದುಕೊಂಡರೆ, ಅಷ್ಟೇ ಬಲ ದವಡೆಹಲ್ಲನ್ನು ಮುಂದಕ್ಕೆ ಎಳೆಯುತ್ತದೆ. ಆಸರೆಯೇ ಜಾರಿದರೆ ಮಾಡಿಕೊಂಡ ಜಾಗ ವ್ಯರ್ಥ. ಹಗ್ಗಜಗ್ಗಾಟದಲ್ಲಿ ಒಬ್ಬ ಚಿಕ್ಕ ಹುಡುಗನ ಎದುರು ಮೂವರು ದಾಂಡಿಗರನ್ನು ನಿಲ್ಲಿಸುವಂತೆ, ಹಲವು ದವಡೆಹಲ್ಲುಗಳನ್ನು ಒಟ್ಟಿಗೆ ಬಿಗಿದು ಆಸರೆ ಮಾಡುತ್ತಾರೆ. ತಲೆಯ ಅಥವಾ ಕುತ್ತಿಗೆಯ ಹಿಂಭಾಗದಿಂದ ಪಟ್ಟಿ ಎಳೆದು ಕಟ್ಟುವ 'ಹೆಡ್‌ಗಿಯರ್' ಕೂಡ ಆಸರೆಯ ಇನ್ನೊಂದು ಬಗೆ. ಇತ್ತೀಚಿನ ದಶಕಗಳಲ್ಲಿ ಎಲುಬಿಗೇ ತಾತ್ಕಾಲಿಕವಾಗಿ ಕೂಡಿಸುವ ಪುಟ್ಟ ಸ್ಕ್ರೂಗಳು ಬಂದಿವೆ. ಕೆಲಸ ಮುಗಿದ ಮೇಲೆ ಅವನ್ನು ತೆಗೆದುಬಿಡುತ್ತಾರೆ.

ಬೆಳೆಯುವ ದವಡೆಗೆ ಬೇರೆ ಸಾಧನ

ಕೆಲವರಲ್ಲಿ ದೋಷವಿರುವುದು ಹಲ್ಲಿನಲ್ಲಲ್ಲ, ದವಡೆಯಲ್ಲಿ. ಕೆಳದವಡೆ ಹಿಂದುಳಿದಿದ್ದರೆ ಮೇಲಿನ ಹಲ್ಲು ಉಬ್ಬಿದಂತೆ ಕಾಣುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ತನ್ನ ಸಹವೈದ್ಯನ ಮಗನಿಗಾಗಿ ಒಂದು ಸಾಧನ ತಯಾರಿಸಿದ. ಬಿದ್ದು ಕಳಚಿದ್ದ ಆ ಹುಡುಗನ ಬಾಚಿಹಲ್ಲನ್ನು ಮತ್ತೆ ಕೂಡಿಸಲಾಗಿತ್ತು. ಆದರೆ ಹಿಂದುಳಿದ ಕೆಳದವಡೆಯಿಂದಾಗಿ ಕೆಳತುಟಿ ಅದರ ಹಿಂದೆ ಸಿಕ್ಕಿಕೊಂಡು ಹಲ್ಲನ್ನು ನೂಕುತ್ತಿತ್ತು. ಓರೆಯಾಗಿ ಕತ್ತರಿಸಿದ ಎರಡು ಅಕ್ರಿಲಿಕ್ ತುಂಡುಗಳನ್ನು ಮೇಲೆ ಕೆಳಗೆ ಕೂಡಿಸಿ, ಬಾಯಿ ಮುಚ್ಚಿದಾಗಲೆಲ್ಲ ಕೆಳದವಡೆ ತಾನಾಗಿ ಮುಂದೆ ಬರುವಂತೆ ಕ್ಲಾರ್ಕ್ ಮಾಡಿದ. 'ಟ್ವಿನ್ ಬ್ಲಾಕ್' ಎಂಬ ಈ ಸಾಧನ ಇಂದು ನಮ್ಮಲ್ಲೂ ಬಳಕೆಯಲ್ಲಿದೆ.

ಮೇಲ್ದವಡೆ ಕಿರಿದಾಗಿದ್ದರೆ ಅಂಗುಳಿಗೆ ಸ್ಕ್ರೂ ಇರುವ ಸಾಧನ ಕೂಡಿಸುತ್ತಾರೆ. ಮನೆಯಲ್ಲಿ ಪಾಲಕರು ಕೀಲಿಯಿಂದ ಅದನ್ನು ಕಾಲು ಸುತ್ತು ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಅಂಗುಳಿನ ನಡುವಿನ ಎಲುಬಿನ ಹೊಲಿಗೆ ಬಾಲ್ಯದಲ್ಲಿ ಇನ್ನೂ ಕೂಡಿಕೊಂಡಿರುವುದಿಲ್ಲವಾದ್ದರಿಂದ ಇದು ಸಾಧ್ಯ. 1860ರಲ್ಲಿಯೇ ಅಮೆರಿಕದ ಎಮರ್ಸನ್ ಏಂಜಲ್ ಇದನ್ನು ಒಬ್ಬ ಹುಡುಗಿಯಲ್ಲಿ ಮಾಡಿ ತೋರಿಸಿದಾಗ ಅವನ ಕಾಲದವರು ನಂಬಿರಲಿಲ್ಲ.

ಈ ಎರಡೂ ಸಾಧನಗಳ ಬಂಡವಾಳ ಮಗುವಿನ ಬೆಳವಣಿಗೆಯೇ. ಎತ್ತರ ಜೋರಾಗಿ ಏರುವ ವರ್ಷಗಳಲ್ಲಿ, ಹುಡುಗಿಯರಿಗೆ ಹುಡುಗರಿಗಿಂತ ತುಸು ಮೊದಲು, ಇವು ಫಲ ಕೊಡುತ್ತವೆ. ಬೆಳವಣಿಗೆ ನಿಂತ ಮೇಲೆ ದೊಡ್ಡ ದವಡೆ ದೋಷಕ್ಕೆ ಉಳಿಯುವುದು ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ದಾರಿ.

ಕಾಣದ ಕವಚ

1990ರ ದಶಕದ ಕೊನೆಗೆ ಅಮೆರಿಕದಲ್ಲಿ ಕಂಪ್ಯೂಟರ್ ಸಹಾಯದಿಂದ ತಯಾರಾಗುವ ಪಾರದರ್ಶಕ 'ಅಲೈನರ್'ಗಳು ಬಂದವು. ಹಲ್ಲಿನ ಮೇಲೆ ಕೂಡುವ ತೆಳು ಪ್ಲಾಸ್ಟಿಕ್ ಕವಚಗಳ ಸರಣಿಯಿದು. ಒಂದೊಂದು ಕವಚವೂ ಹಲ್ಲನ್ನು ಕೂದಲೆಳೆಯಷ್ಟು ಮುಂದಕ್ಕೆ ಒಯ್ಯುತ್ತದೆ. ದಿನಕ್ಕೆ 20–22 ತಾಸು ಹಾಕಿಕೊಳ್ಳಬೇಕು, ಖರ್ಚೂ ಹೆಚ್ಚು. ಬೆಲೆ ಹೆಚ್ಚೆಂದ ಮಾತ್ರಕ್ಕೆ ಎಲ್ಲ ದೋಷಕ್ಕೂ ಇದೇ ಉತ್ತಮ ಎಂದಲ್ಲ. ಜಟಿಲವಾದ ಹಲವು ದೋಷಗಳಿಗೆ ಲೋಹದ ಬ್ರಾಕೆಟ್ಟೇ ಇಂದಿಗೂ ನಂಬಿಕೆಯ ಸಾಧನ.

ಎಲ್ಲಿಗೆ ಹೋಗಬೇಕು?

ಹುಬ್ಬಳ್ಳಿ ಸುತ್ತಲಿನ ಹಳ್ಳಿಗಳವರಿಗೆ ಇದು ದೂರದ ಮಾತಲ್ಲ. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತ ವೈದ್ಯಕೀಯ ಕಾಲೇಜಿನಲ್ಲಿ ವಕ್ರದಂತ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಶಿರಗುಪ್ಪಿಯವರು ಹುಬ್ಬಳ್ಳಿಗೆ ಬಂದು ಧಾರವಾಡದ ಬಸ್ಸು ಹಿಡಿದರೆ ಸತ್ತೂರು ದಾರಿಯಲ್ಲೇ ಸಿಗುತ್ತದೆ. ದಂತ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುತ್ತಾರೆ. ಖರ್ಚು ಸಾಮಾನ್ಯವಾಗಿ ಖಾಸಗಿ ದವಾಖಾನೆಗಿಂತ ಕಡಿಮೆ. ನಾಲ್ಕರಿಂದ ಆರು ವಾರಕ್ಕೊಮ್ಮೆ, ಎರಡು ವರ್ಷದವರೆಗೆ ಹೋಗಬೇಕಾಗುತ್ತದೆ ಎಂಬುದನ್ನು ಮಾತ್ರ ಪಾಲಕರು ಮೊದಲೇ ಲೆಕ್ಕ ಹಾಕಬೇಕು. ಬಸ್ಸಿನ ಖರ್ಚು, ತಪ್ಪುವ ಕೂಲಿ, ತಪ್ಪುವ ಪಾಠ ಎಲ್ಲವೂ ಆ ಲೆಕ್ಕದಲ್ಲಿ ಬರಬೇಕು. ಸುಗ್ಗಿ ಬಂತೆಂದು, ಪರೀಕ್ಷೆ ಬಂತೆಂದು ನಡುವೆ ಬಿಟ್ಟರೆ ತಂತಿ ಬಾಯಲ್ಲೇ ಉಳಿದು ಹಲ್ಲಿಗೆ ಹಾನಿಯಾಗುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರಕಾರಿ ಶಾಲೆಗಳಿಗೆ ಬಂದಾಗ ಮಕ್ಕಳ ಹಲ್ಲನ್ನೂ ನೋಡುತ್ತವೆ. ಸೀಳುತುಟಿ, ಸೀಳಂಗುಳಿನ ಮಕ್ಕಳು ಈ ಯೋಜನೆಯ ವ್ಯಾಪ್ತಿಯಲ್ಲಿದ್ದಾರೆ. ಇಂತಹ ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ಜೊತೆಗೆ ಹಲ್ಲಿನ ಸಾಲು ಸರಿಪಡಿಸುವ ಚಿಕಿತ್ಸೆಯೂ ಬೇಕಾಗುತ್ತದೆ.

ಮನೆಯಲ್ಲಿ ಮಾಡುವ ಪ್ರಯೋಗ ಬೇಡ

ಮೊಬೈಲಿನಲ್ಲಿ ನೋಡಿ ಹಲ್ಲಿನ ಸಂದಿ ಮುಚ್ಚಲು ಎರಡು ಬಾಚಿಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವುದು ಅತಿ ಅಪಾಯಕರ. ಬೇರು ತುದಿಗೆ ಚೂಪಾಗಿರುವುದರಿಂದ ರಬ್ಬರು ನಿಧಾನವಾಗಿ ಒಸಡಿನೊಳಗೆ ಜಾರಿ ಕಾಣದಾಗುತ್ತದೆ. ಅಲ್ಲಿ ಹಲ್ಲನ್ನು ಹಿಡಿದ ನಾರುಗಳನ್ನೂ ಎಲುಬನ್ನೂ ಹಾಳುಮಾಡುತ್ತದೆ. ಒಳ್ಳೆಯ ಹಲ್ಲುಗಳೇ ಸಡಿಲಾಗಿ ಬಿದ್ದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಒಂದು ವಾರದಲ್ಲಿ ನೆಟ್ಟಗೆ ಮಾಡುತ್ತೇವೆಂದು ಗಟ್ಟಿ ಹಲ್ಲನ್ನು ಅರೆದು ಮೇಲೆ ಟೊಪ್ಪಿಗೆ ಕೂಡಿಸುವವರ ಬಗ್ಗೆಯೂ ಎಚ್ಚರವಿರಲಿ. ಅರೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ತಂತಿ ಹಾಕಿದ ಮೊದಲ ಎರಡು ಮೂರು ದಿನ ಹಲ್ಲು ನೋಯುವುದು ಸಹಜ. ಅನ್ನ, ಸಾರು, ಮೆತ್ತನೆಯ ರೊಟ್ಟಿ ಸಾಕು. ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬೇಕು. ಕಬ್ಬು ಸಿಗಿಯುವುದು, ಶೇಂಗಾ ಚಿಕ್ಕಿ ಕಡಿಯುವುದು, ಪೇರಲ ಹಣ್ಣನ್ನು ಇಡಿಯಾಗಿ ಕಚ್ಚುವುದು ಬ್ರಾಕೆಟ್ ಕಿತ್ತುಬರಲು ದಾರಿ. ಹಣ್ಣನ್ನು ಹೆಚ್ಚಿ ತಿನ್ನಬಹುದು. ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸಿ, ಬ್ರಾಕೆಟ್ಟಿನ ಮೇಲೂ ಕೆಳಗೂ ಬ್ರಷ್ ಆಡಿಸಬೇಕು. ಇಲ್ಲದಿದ್ದರೆ ತಂತಿ ತೆಗೆದಾಗ ಹಲ್ಲು ನೆಟ್ಟಗಾಗಿರುತ್ತದೆ, ಆದರೆ ಬ್ರಾಕೆಟ್ಟಿನ ಸುತ್ತ ಬಿಳಿ ಕಲೆ ಉಳಿದಿರುತ್ತದೆ.

ತಂತಿ ತೆಗೆದ ದಿನ ಚಿಕಿತ್ಸೆ ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು. ಎಲುಬು ಗಟ್ಟಿಯಾಗಲು, ಒಸಡಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಎಳೆದ ನಾರುಗಳು ಹಲ್ಲನ್ನು ಹಳೆಯ ಜಾಗಕ್ಕೇ ಕರೆಯುತ್ತಿರುತ್ತವೆ. ಅದಕ್ಕಾಗಿ 'ರಿಟೇನರ್' ಎಂಬ ಹಿಡಿದಿಡುವ ಸಾಧನವನ್ನು ವೈದ್ಯರು ಹೇಳಿದಷ್ಟು ಕಾಲ ಧರಿಸಲೇಬೇಕು. ಎರಡು ವರ್ಷದ ಓಡಾಟ, ಖರ್ಚು, ತಾಳ್ಮೆ ಎಲ್ಲವನ್ನೂ ಕಾಯುವುದು ಈ ಕೊನೆಯ ಸಾಧನವೇ.

ಪಾಲಕರ ಗಮನಕ್ಕೆ

3ರಿಂದ 5 ವರ್ಷ: ಬೆರಳು ಚೀಪುವ ಅಭ್ಯಾಸ ಬಿಡಿಸಿ. ಹಾಲುಹಲ್ಲಿನ ಹುಳುಕಿಗೂ ಚಿಕಿತ್ಸೆ ಕೊಡಿಸಿ.

6–7 ವರ್ಷ: ಹಾಲುಹಲ್ಲುಗಳ ಹಿಂದೆ ಹೊಸದಾಗಿ ಬರುವ ದವಡೆಹಲ್ಲು ಶಾಶ್ವತ ಹಲ್ಲು. ಹಾಲುಹಲ್ಲೆಂದು ಅಲಕ್ಷಿಸಬೇಡಿ. ಸಾಲಿನ ಬಗ್ಗೆ ಒಮ್ಮೆ ದಂತವೈದ್ಯರಿಗೆ ತೋರಿಸಲು ಇದು ಸರಿಯಾದ ವಯಸ್ಸು.

7ರಿಂದ 11 ವರ್ಷ: ಮೇಲಿನ ಬಾಚಿಹಲ್ಲುಗಳ ನಡುವೆ ಸಂದಿ ಕಂಡರೆ ಗಾಬರಿ ಬೇಡ. ಕೋರೆಹಲ್ಲು ಬಂದಾಗ ಬಹಳ ಮಕ್ಕಳಲ್ಲಿ ಅದು ತಾನಾಗಿಯೇ ಮುಚ್ಚುತ್ತದೆ.

10ರಿಂದ 14 ವರ್ಷ: ದವಡೆಯ ದೋಷ ತಿದ್ದಲು, ತಂತಿ ಹಾಕಿಸಲು ಅನುಕೂಲವಾದ ಕಾಲ.

ಆಮೇಲೆ: ಒಸಡು ಮತ್ತು ಎಲುಬು ಆರೋಗ್ಯವಾಗಿದ್ದರೆ ದೊಡ್ಡವರ ಹಲ್ಲನ್ನೂ ಸರಿಸಬಹುದು. ವಯಸ್ಸು ಮೀರಿತೆಂದು ಕೈಚೆಲ್ಲಬೇಕಾಗಿಲ್ಲ.